ಲಸಿಕೆ, ನ್ಯೂಸು ಮತ್ತೆ ನಾವು: ಕಾಸರಗೋಡಿನ ಕಡೆ ಪದೇ ಪದೇ ಕೇಳುವ ಪ್ರಶ್ನೆಗಳು

2021ರಲ್ಲಿ ನಾನು ಬದಿಯಡ್ಕದ ಹತ್ರ ನಮ್ಮ ವಾರ್ಡಿನ ಆರ್‌ಆರ್‌ಟಿಯಲ್ಲಿ (ಕೋವಿಡ್ ಸಮಯದಲ್ಲಿ ಮನೆ ಮನೆಗೆ ಸಹಾಯ ಮಾಡುವ ತಂಡ) ಇದ್ದೆ. ಕೋವಿನ್‌ನಲ್ಲಿ (ಲಸಿಕೆ ಬುಕ್ ಮಾಡುವ ಸರ್ಕಾರದ ವೆಬ್‌ಸೈಟು) ಸ್ಲಾಟ್ ಹುಡುಕಿ ಕೊಡುದು, ಮದ್ದು ತಂದು ಕೊಡುದು, ಆಶಾ ಅಕ್ಕನ ಜೊತೆ ಮನೆ ಮನೆ ಹೋಗುದು, ಇಷ್ಟೇ ಕೆಲ್ಸ. ಆದ್ರೆ ಪ್ರತಿ ಅಂಗಳದಲ್ಲೂ ಜನ ಲಸಿಕೆ ಬಗ್ಗೆ ಕೇಳಿದ್ದಕ್ಕಿಂತ ಜಾಸ್ತಿ ಲಸಿಕೆ ಬಗ್ಗೆ ಬಂದ ನ್ಯೂಸ್ ಬಗ್ಗೆ ಕೇಳಿದ್ರು. ಆಮೇಲೂ ಬಸ್ಸಲ್ಲಿ, ಮದುವೆ ಮನೆಯಲ್ಲಿ, ವಾಟ್ಸಾಪಲ್ಲಿ, ಇಬ್ಬರು ಹಿರಿಯರು ಕಾಗದ ಬರೆದು ಸಹ ಕೇಳಿದ್ದುಂಟು. ಅದನ್ನೆಲ್ಲ ಅವ್ರು ಕೇಳಿದ ಹಾಗೆಯೇ ಹಾಕಿದ್ದೇನೆ. ನಾನು ಡಾಕ್ಟರ್ ಅಲ್ಲ, ನಿಮ್ಮ ಬಿಪಿ, ಶುಗರ್, ಅಲರ್ಜಿ ವಿಷಯ ಡಾಕ್ಟರ್ ಹತ್ರವೇ ಕೇಳಿ, ಇಲ್ಲಿರುದು ಸುದ್ದಿಯ ವಿಷಯ.

## ಮೊದಲಿಗೆ

ಒಂದು ನ್ಯೂಸ್ ನೋಡಿ ಜನ ಲಸಿಕೆ ಬಿಡ್ತಾರಾ? ಅಷ್ಟು ಪವರ್ ಉಂಟಾ ಪೇಪರಿಗೆ?

ಉಂಟು, ಅದನ್ನ ಲೆಕ್ಕ ಹಾಕಿ ನೋಡಿದ್ದೂ ಉಂಟು. ಬ್ರಿಟನ್ನಿನ ವೇಲ್ಸ್‌ನಲ್ಲಿ ಸ್ವಾನ್ಸಿ ಅಂತ ಊರು, ನಮ್ಮ ಹಾಗೆಯೇ ಕಡಲ ಬದಿಯದ್ದು. 1997ರಲ್ಲಿ ಅಲ್ಲಿನ ಲೋಕಲ್ ಪೇಪರ್ ಸೌತ್ ವೇಲ್ಸ್ ಈವ್ನಿಂಗ್ ಪೋಸ್ಟ್, ಎಂಎಂಆರ್ ಲಸಿಕೆಯಿಂದ (ದಡಾರ, ಮಂಗನಬಾವು, ರುಬೆಲ್ಲಾಕ್ಕೆ ಕೊಡುವಂಥದ್ದು) ಮಕ್ಕಳಿಗೆ ತೊಂದರೆ ಆಯ್ತು ಅಂತ ಅಪ್ಪ ಅಮ್ಮಂದಿರು ಹೇಳಿದ್ದನ್ನ ಸಾಲು ಸಾಲಾಗಿ ಹಾಕಿತು. ಆಮೇಲೆ ನೋಡಿದ್ರೆ ಆ ಪೇಪರ್ ಹೋಗುವ ಜಾಗದಲ್ಲಿ ಲಸಿಕೆ ಪ್ರಮಾಣ 13.6% ಇಳಿದಿತ್ತು, ವೇಲ್ಸಿನ ಉಳಿದ ಕಡೆ 2.4% ಮಾತ್ರ. ಅದೇ ಸರ್ಕಾರ, ಅದೇ ಲಸಿಕೆ, ಬದಲಾದದ್ದು ಬಾಗಿಲಿಗೆ ಬರುವ ಪೇಪರ್. ಆಗ ಲಸಿಕೆ ತಪ್ಪಿದ ಮಕ್ಕಳು ದೊಡ್ಡವರಾದ ಮೇಲೆ 2012-13ರಲ್ಲಿ ಅದೇ ಸ್ವಾನ್ಸಿ ಕಡೆ ದಡಾರ ಹಬ್ಬಿತು, 1200ಕ್ಕಿಂತ ಜಾಸ್ತಿ ಕೇಸು, ಒಬ್ಬರು ತೀರಿಕೊಂಡ್ರು. ಪೇಪರ್ ರದ್ದಿಗೆ ಹೋಗಿ 15 ವರ್ಷ ಆದ ಮೇಲೆ ಬಂದ ಕಾಯಿಲೆ ಅದು.

ಸಮಸ್ಯೆ ಫೇಕ್ ನ್ಯೂಸ್ ಮಾತ್ರ ಅಲ್ವಾ? ನಾವು ಒಳ್ಳೆ ಪೇಪರ್ ಓದಿದ್ರೆ ಸಾಕಲ್ಲ?

ನಾನೂ ಹಾಗೇ ಅಂದುಕೊಂಡಿದ್ದೆ. ಚಿಪ್ ಉಂಟು, ಮಕ್ಕಳಾಗುದಿಲ್ಲ ಅನ್ನುವ ಫಾರ್ವರ್ಡುಗಳನ್ನ ನಿಲ್ಲಿಸಿದ್ರೆ ಎಲ್ಲ ಸರಿಯಾಗ್ತದೆ ಅಂತ. ಅಮೆರಿಕಾದಲ್ಲಿ 2021ರ ಮೊದಲ ಮೂರು ತಿಂಗಳು ಫೇಸ್‌ಬುಕ್ಕಿನಲ್ಲಿ ಓಡಾಡಿದ ಲಸಿಕೆ ಸುದ್ದಿಗಳನ್ನ ತೂಗಿ ನೋಡಿದ ಒಂದು ಅಧ್ಯಯನ 2024ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂತು. ಸುಳ್ಳು ಅಂತ ಗುರುತು ಹಾಕಿದ ಪೋಸ್ಟುಗಳಿಗಿಂತ, ಸುಳ್ಳಲ್ಲದ ಆದ್ರೆ ಲಸಿಕೆ ಬಗ್ಗೆ ಸಂಶಯ ಬಿತ್ತುವ ಸುದ್ದಿಗಳು ಜನರ ಮನಸ್ಸನ್ನ ಹಿಂದೆ ಎಳೆದದ್ದು 46 ಪಟ್ಟು ಜಾಸ್ತಿ ಅಂತ ಅವ್ರ ಅಂದಾಜು. ಅದ್ರಲ್ಲಿ ಅತಿ ಹೆಚ್ಚು ಜನ ನೋಡಿದ್ದು ಒಂದು ದೊಡ್ಡ ಪತ್ರಿಕೆಯ ಹೆಡ್ಡಿಂಗು, ಆರೋಗ್ಯವಾಗಿದ್ದ ಡಾಕ್ಟರ್ ಒಬ್ಬರು ಲಸಿಕೆ ತಗೊಂಡ ಎರಡು ವಾರಕ್ಕೆ ತೀರಿಕೊಂಡ್ರು, ತನಿಖೆ ಆಗ್ತಾ ಉಂಟು ಅಂತ. ಸುಮಾರು 5.5 ಕೋಟಿ ಸಲ ಜನ ಅದನ್ನ ನೋಡಿದ್ರು. ಅದ್ರಲ್ಲಿ ಒಂದು ಅಕ್ಷರ ಸುಳ್ಳಿಲ್ಲ, ಆದ್ರೆ ಎಷ್ಟು ಜನ ತಗೊಂಡದ್ರಲ್ಲಿ ಒಬ್ಬರು ಅನ್ನುದು ಹೆಡ್ಡಿಂಗಿನಲ್ಲಿಲ್ಲ, ತನಿಖೆಯಲ್ಲಿ ಎಂತ ಸಿಕ್ಕಿತು ಅನ್ನುದು ಆ ದಿನ ಬರ್ಲಿಕ್ಕೆ ಸಾಧ್ಯವೇ ಇಲ್ಲ. ನನ್ನ ಅನುಭವದಲ್ಲಿ ನಮ್ಮ ಕಡೆ ಜನರನ್ನ ಮನೆಯಲ್ಲೇ ಕೂರಿಸಿದ್ದು ಈ ಥರದ ಅರ್ಧ ನಿಜಗಳೇ.

ತಮಿಳು ನಟ ವಿವೇಕ್ ಲಸಿಕೆ ತಗೊಂಡ ಮರುದಿನವೇ ಬಿದ್ರಲ್ಲ, ಅದಕ್ಕಿಂತ ಎಂತ ಸಾಕ್ಷಿ ಬೇಕು?

ಈ ಪ್ರಶ್ನೆ ಎಷ್ಟು ಮನೆಯಲ್ಲಿ ಕೇಳಿದ್ದೇನೆ ಅಂತ ಲೆಕ್ಕ ಇಲ್ಲ. 2021 ಏಪ್ರಿಲ್ 15ಕ್ಕೆ ಅವ್ರು ಚೆನ್ನೈಯಲ್ಲಿ ಎಲ್ಲರ ಎದುರಿಗೆ, ಜನರಿಗೆ ಧೈರ್ಯ ಬರ್ಲಿ ಅಂತಲೇ ಕೋವ್ಯಾಕ್ಸಿನ್ ತಗೊಂಡ್ರು. 16ಕ್ಕೆ ಹಾರ್ಟ್ ಅಟ್ಯಾಕ್, 17ಕ್ಕೆ ತೀರಿಕೊಂಡ್ರು. ಲಸಿಕೆ ತಗೊಳ್ಳುವ ವಿಡಿಯೋ, ಆಸ್ಪತ್ರೆಗೆ ಒಯ್ಯುವ ವಿಡಿಯೋ ಎರಡನ್ನೂ ಒಟ್ಟಿಗೆ ಹಾಕಿ ಟಿವಿಯಲ್ಲಿ ತೋರಿಸುವಾಗ ನೋಡಿದವನ ಮನಸ್ಸಿಗೆ ಬೇರೆ ವಿವರಣೆ ಬೇಕಾಗುದೇ ಇಲ್ಲ. ಅಕ್ಟೋಬರಿನಲ್ಲಿ ಕೇಂದ್ರದ ಅಡ್ಡಪರಿಣಾಮ ಪರಿಶೀಲನಾ ಸಮಿತಿ ಈ ಸಾವಿಗೆ ಲಸಿಕೆ ಕಾರಣ ಅಲ್ಲ ಅಂತ ಹೇಳಿತು. ಏಪ್ರಿಲಿನ ಸುದ್ದಿ ಎಲ್ಲರಿಗೂ ಗೊತ್ತು, ಅಕ್ಟೋಬರಿನದ್ದು ನಮ್ಮ ವಾರ್ಡಿನಲ್ಲಿ ಒಬ್ಬರಿಗೂ ಗೊತ್ತಿರ್ಲಿಲ್ಲ.

ಕಾಗೆ ಕೂರುದಕ್ಕೂ ತಾಳೆಕಾಯಿ ಬೀಳುದಕ್ಕೂ ಸರಿಯಾಯ್ತು ಅಂತ ನಮ್ಮಲ್ಲಿ ಕಾಕತಾಳೀಯ ಅನ್ನುವ ಮಾತೇ ಉಂಟಲ್ಲ. ನಮ್ಮ ದೇಶದಲ್ಲಿ ಮಾಮೂಲಿ ದಿನಗಳಲ್ಲೇ ದಿನಕ್ಕೆ ಸುಮಾರು 25 ಸಾವಿರ ಜನ ಬೇರೆ ಬೇರೆ ಕಾರಣಕ್ಕೆ ಸಾಯ್ತಾರೆ. 45 ದಾಟಿದ ಕೋಟಿಗಟ್ಟಲೆ ಜನರಿಗೆ ಕೆಲವೇ ತಿಂಗಳಲ್ಲಿ ಸೂಜಿ ಹಾಕಿದ್ರೆ, ಸೂಜಿಯಲ್ಲಿ ಬರೀ ನೀರಿದ್ರೂ ಮರುದಿನ ಸಾಯುವವರು ಕೆಲವರು ಇದ್ದೇ ಇರ್ತಾರೆ. ಹಾಗಂತ ಎಲ್ಲವನ್ನೂ ಕಾಕತಾಳೀಯ ಅಂತ ತಳ್ಳಿ ಹಾಕ್ಲಿಕ್ಕೂ ಆಗುದಿಲ್ಲ, ಅದಕ್ಕೇ ಪ್ರತಿಯೊಂದನ್ನೂ ತನಿಖೆ ಮಾಡುದು. ತನಿಖೆ ಮುಗಿದ ದಿನದ ಸುದ್ದಿಯನ್ನೂ ಮೊದಲ ದಿನದಷ್ಟೇ ದೊಡ್ಡದಾಗಿ ಹಾಕ್ಬೇಕಿತ್ತು ಅಂತ ನನ್ನ ಸಂಕಟ.

ಹೆದರಿಸಿದ್ರೆ ಜನ ಓಡಿ ಹೋಗಿ ಲಸಿಕೆ ತಗೊಳ್ತಾರಲ್ಲ, ಹಾಗಾದ್ರೆ ಹೆದರಿಸುವ ನ್ಯೂಸ್ ಒಳ್ಳೆದೇ ಅಲ್ವಾ?

ಹೆದರಿಕೆ ಕೆಲ್ಸ ಮಾಡ್ತದೆ, ಆದ್ರೆ ಒಂಟಿಯಾಗಿ ಅಲ್ಲ. ರೋಗ ನನಗೂ ಬರಬಹುದು, ಬಂದ್ರೆ ಜೋರಾಗಬಹುದು ಅನ್ನುದರ ಜೊತೆಗೆ, ತಡೆಯುವ ದಾರಿ ಉಂಟು, ಆ ದಾರಿ ನನ್ನ ಕೈಗೆ ಸಿಕ್ತದೆ ಅನ್ನುದೂ ತಲೆಗೆ ಹೋಗ್ಬೇಕು. ಎರಡನೇದ್ದು ಇಲ್ಲದೆ ಬರೀ ಚಿತೆ, ಆಕ್ಸಿಜನ್ ಸಿಲಿಂಡರ್ ತೋರಿಸಿದ್ರೆ ಮನುಷ್ಯ ಟಿವಿ ಆಫ್ ಮಾಡ್ತಾನೆ, ಇಲ್ಲಾ ಇದೆಲ್ಲ ಸುಳ್ಳು ಅಂತ ಹೇಳಿ ಮನಸ್ಸು ಹಗುರ ಮಾಡಿಕೊಳ್ತಾನೆ. 2021ರ ಏಪ್ರಿಲ್-ಮೇಯಲ್ಲಿ ನಮ್ಮಲ್ಲಿ ಲಸಿಕೆ ಬೇಕು ಅನ್ನುವವರು ಒಮ್ಮೆಗೇ ಜಾಸ್ತಿಯಾದ್ರು ನಿಜ, ಆದ್ರೆ ಆಗ ಸ್ಲಾಟೇ ಇರ್ಲಿಲ್ಲ. ಹೆದರಿಕೆ ಪೂರ್ತಿ ಉಂಟು, ದಾರಿ ಇಲ್ಲ. ಎರಡು ಮೂರು ಸಲ ಬರಿಗೈಯಲ್ಲಿ ವಾಪಸ್ ಬಂದವ್ರಲ್ಲಿ ಕೆಲವರು ಮತ್ತೆ ಸ್ಲಾಟ್ ಸಿಕ್ಕಿದಾಗ ಸಹ ಬರ್ಲಿಲ್ಲ.

## ನಮ್ಮ ಊರಿನ ಪ್ರಶ್ನೆಗಳು

2020ರಲ್ಲಿ ಟಿವಿಯಲ್ಲಿ ಕಾಸರಗೋಡು ಕಾಸರಗೋಡು ಅಂತ ಬೊಬ್ಬೆ ಹಾಕಿದ್ದಕ್ಕೂ ಲಸಿಕೆಗೂ ಎಂತ ಸಂಬಂಧ?

ನೇರ ಸಂಬಂಧ ಅಲ್ಲ, ಆದ್ರೆ ನಂಬಿಕೆ ಅನ್ನುದು ಒಂದೇ ಬಾವಿಯ ನೀರು. ದೇಶದ ಮೂರನೇ ಕೋವಿಡ್ ಕೇಸು 2020 ಫೆಬ್ರವರಿ 3ಕ್ಕೆ ಕಾಞಂಗಾಡಿನಲ್ಲಿ ಗೊತ್ತಾದದ್ದು, ವುಹಾನಿನಿಂದ ಬಂದ ವಿದ್ಯಾರ್ಥಿಗೆ, ಗುಣವೂ ಆಯ್ತು. ಮಾರ್ಚಿನಲ್ಲಿ ಗಲ್ಫಿನಿಂದ ಬಂದವ್ರಲ್ಲಿ ಕೇಸು ಜಾಸ್ತಿಯಾದಾಗ ನಮ್ಮ ಜಿಲ್ಲೆಯ ಹೆಸರು ಒಂದು ರೋಗದ ಹೆಸರಿನ ಹಾಗೆ ಆಯ್ತು. ತಲಪಾಡಿ ಗೇಟು ಬಂದಾಯ್ತು, ಗಡಿಯ ಕೆಲವು ದಾರಿಗಳಿಗೆ ಮಣ್ಣು ತಂದು ಸುರಿದ್ರು, ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ ರೋಗಿಗಳು ಆಂಬುಲೆನ್ಸಿನಲ್ಲೇ ತಿರುಗಿ ಬಂದ್ರು, ಕೆಲವರು ತೀರಿಕೊಂಡ್ರು. ಏಪ್ರಿಲ್ 1ಕ್ಕೆ ಕೇರಳ ಹೈಕೋರ್ಟ್ ದಾರಿ ತೆರೆಸಿ ಅಂತ ಕೇಂದ್ರಕ್ಕೆ ಹೇಳ್ಬೇಕಾಯ್ತು. ಆ ದಿನಗಳಲ್ಲಿ ನಮ್ಮದೇ ಭಾಷೆಯ ಕೆಲವು ಚಾನೆಲುಗಳು ನಮ್ಮನ್ನ ರೋಗ ಹೊತ್ತುಕೊಂಡು ಗಡಿ ದಾಟುವವರ ಹಾಗೆ ತೋರಿಸಿದ್ದನ್ನ ಜನ ಮರೆತಿಲ್ಲ. ಒಂಬತ್ತು ತಿಂಗಳಾದ ಮೇಲೆ ಅದೇ ಪರದೆಯಲ್ಲಿ, ಅದೇ ದನಿಯಲ್ಲಿ ಲಸಿಕೆ ತಗೊಳ್ಳಿ ಅಂದಾಗ, "ಅವ್ರು ಹೇಳುದನ್ನ ನಾವೆಂತಕ್ಕೆ ಕೇಳ್ಬೇಕು" ಅಂತ ನನ್ನತ್ರ ಕೇಳಿದವ್ರು ಒಬ್ಬಿಬ್ಬರಲ್ಲ. ಕೋಪ ಬಂದವನ ಕಿವಿಗೆ ಸರಿಯಾದ ಮಾತೂ ಹೋಗುದಿಲ್ಲ.

ಮಲಯಾಳ ಓದ್ಲಿಕ್ಕೆ ಬರುದಿಲ್ಲ, ಕನ್ನಡ ಚಾನೆಲು ಕರ್ನಾಟಕದ್ದು ಹೇಳ್ತದೆ, ನಾವು ಎಲ್ಲಿ ನೋಡುದು?

ಇದು ನಿಜವಾದ ಕಷ್ಟ, ಹೊರಗಿನವರಿಗೆ ಅರ್ಥವೇ ಆಗುದಿಲ್ಲ. ನಮಗೆ ನಿಯಮ ತಿರುವನಂತಪುರದ್ದು, ನೋಡುವ ನ್ಯೂಸ್ ಬೆಂಗಳೂರಿನದ್ದು, ಆಸ್ಪತ್ರೆ ಮಂಗಳೂರಿನದ್ದು. ಯಾವ ದಿನ ಯಾರಿಗೆ ಕ್ಯಾಂಪ್, ಯಾವ ಶಾಲೆಯಲ್ಲಿ ಅಂತ ಕನ್ನಡ ಚಾನೆಲ್ ಹೇಳಿದ್ದು ಇಲ್ಲಿಗೆ ಲಾಗೂ ಆಗುದೇ ಇಲ್ಲ, ಪಂಚಾಯತಿನ ನೋಟೀಸು ಮಲಯಾಳದಲ್ಲಿ ಬರ್ತಿತ್ತು. ನಮ್ಮ ಪಕ್ಕದ ಮನೆ ಅಜ್ಜಿ ಟಿವಿಯಲ್ಲಿ ಹೇಳಿದ್ರು ಅಂತ ಒಂದು ದಿನ ಆಟೋ ಮಾಡಿ ಹೋಗಿ ಬೀಗ ಹಾಕಿದ ಗೇಟು ನೋಡಿ ಬಂದ್ರು. ಇಂಥದ್ದು ಎರಡು ಸಲ ಆದ್ರೆ ಸಾಕು, ಲಸಿಕೆಯ ಮೇಲೆಯೇ ಬೇಜಾರು ಬರ್ತದೆ.

ನಾವು ಮಾಡಿದ್ದು ಇಷ್ಟೇ. ಸಂಜೆ ಆರು ಗಂಟೆಯ ಮುಖ್ಯಮಂತ್ರಿಗಳ ಪ್ರೆಸ್ ಮೀಟಿನಲ್ಲಿ ನಮಗೆ ಸಂಬಂಧಪಟ್ಟದ್ದನ್ನ ಮಲಯಾಳ ಬರುವ ಇಬ್ಬರು ಹುಡುಗರು ಕನ್ನಡದಲ್ಲಿ, ಒಂದೊಂದು ಸಲ ತುಳುವಿನಲ್ಲೂ, ಒಂದು ನಿಮಿಷದ ವಾಯ್ಸ್ ಮಾಡಿ ಗ್ರೂಪಿಗೆ ಹಾಕ್ತಿದ್ರು. ಬರಹಕ್ಕಿಂತ ವಾಯ್ಸ್ ಜಾಸ್ತಿ ಕೇಳಿದ್ರು, ಪರಿಚಯದ ದನಿ ಅಲ್ವಾ. ದಿನಾಂಕ, ಜಾಗ, ಯಾರಿಗೆ, ಎಂತ ತರ್ಬೇಕು, ಅಷ್ಟೇ. ನಿಮ್ಮ ಕಡೆ ಇಂಥ ಇಬ್ಬರನ್ನ ಈಗಲೇ ಗುರುತು ಮಾಡಿ ಇಡಿ.

"ಸೇಫ್, ಏನೂ ಆಗುದಿಲ್ಲ" ಅಂತ ಹೇಳಿಯೇ ಅಲ್ವಾ ಎಂಡೋಸಲ್ಫಾನ್ ಬಿಟ್ಟದ್ದು? ಈಗ ಹೇಗೆ ನಂಬುದು?

ಇದನ್ನ ಕೇಳಿದವ್ರನ್ನ ಯಾರೂ ದಯವಿಟ್ಟು ಮೂಢನಂಬಿಕೆಯವ್ರು ಅಂತ ಹೇಳ್ಬೇಡಿ. 1970ರ ದಶಕದ ಕೊನೆಯಿಂದ 2000ದ ತನಕ ಸರ್ಕಾರದ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಅನ್ನುವ ಕೀಟನಾಶಕ ಮದ್ದು ಬಿಟ್ಟದ್ದು, ಎಣ್ಮಕಜೆ, ಪಡ್ರೆ ಕಡೆಯ ತೋಡು, ಸುರಂಗದ ನೀರಿಗೆ ಅದು ಬಿದ್ದದ್ದು, ಕಾಯಿಲೆ, ಅಂಗವೈಕಲ್ಯದ ಮಕ್ಕಳನ್ನ ಈಗಲೂ ಎತ್ತಿಕೊಂಡು ಓಡಾಡುವ ಅಮ್ಮಂದಿರು, ಇದೆಲ್ಲ ನಮ್ಮ ಕಣ್ಣೆದುರೇ ಇರುವಂಥದ್ದು. ಸರ್ಕಾರದ ಬಾಯಲ್ಲಿ ಸೇಫ್ ಅನ್ನುವ ಪದ ಬಂದ ಕೂಡ್ಲೆ ಇಲ್ಲಿ ಎದೆ ಝಲ್ ಅನ್ನುದು ಅನುಭವದಿಂದ.

ಆದ್ರೆ ಎಂಡೋಸಲ್ಫಾನಿನ ಕತೆಯನ್ನ ಪೂರ್ತಿ ನೆನಪು ಮಾಡ್ಬೇಕು. ಅದು ಹೊರಗೆ ಬಂದದ್ದು ಹೇಗೆ? ವಾಣಿನಗರದ ಡಾಕ್ಟರ್ ವೈ.ಎಸ್. ಮೋಹನ್ ಕುಮಾರ್ ತನ್ನ ಹತ್ರ ಬರುವ ರೋಗಿಗಳನ್ನ ಮನೆ ಹಿಡಿದು ಗುರುತು ಹಾಕಿಕೊಂಡು ಈ ಸಣ್ಣ ಜಾಗದಲ್ಲಿ ಇಷ್ಟೊಂದು ಎಂತಕ್ಕೆ ಅಂತ ಕೇಳಿದ್ರು. ಶ್ರೀಪಡ್ರೆಯವರಂಥ ಪತ್ರಕರ್ತರು ಒಂದು ದಿನ ಬರೆದು ಬಿಡದೆ ವರ್ಷಗಟ್ಟಲೆ ಬರೆದ್ರು. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ದೇಶದಲ್ಲೇ ನಿಲ್ಲಿಸಿತು. ಮದ್ದು ಬಿಡುವವರು ಯಾರನ್ನೂ ಒಪ್ಪಿಗೆ ಕೇಳಿರ್ಲಿಲ್ಲ, ಯಾರಿಗೆ ಎಂತ ಆಯ್ತು ಅಂತ ಲೆಕ್ಕ ಇಟ್ಟಿರ್ಲಿಲ್ಲ, ಲೆಕ್ಕ ಇಟ್ಟದ್ದು ನಮ್ಮೂರಿನ ಜನ.

ಕೋವಿಡ್ ಲಸಿಕೆಯಲ್ಲಿ ಆ ಲೆಕ್ಕ ಇಡುವ ಕೆಲ್ಸ ಮೊದಲೇ ಶುರುವಾಗಿತ್ತು. ತಗೊಂಡವರು ಒಂದು ಗುಂಪು, ತಗೊಳ್ಳದವರು ಒಂದು ಗುಂಪು ಅಂತ ಹತ್ತಾರು ಸಾವಿರ ಜನರಲ್ಲಿ ಪರೀಕ್ಷೆ, ಆಮೇಲೆ ಅಡ್ಡಪರಿಣಾಮ ವರದಿ ಮಾಡುವ ವ್ಯವಸ್ಥೆ. ಹಾಗಾಗಿಯೇ ಅಪರೂಪದ ರಕ್ತ ಹೆಪ್ಪುಗಟ್ಟುವ ತೊಂದರೆ ಕೆಲವೇ ವಾರಗಳಲ್ಲಿ ಗೊತ್ತಾದದ್ದು. ಅಲ್ಲಿಯೂ ಕೇಳ್ಬೇಕಾದದ್ದು ಇತ್ತು. ಕೋವ್ಯಾಕ್ಸಿನ್‌ಗೆ ಮೂರನೇ ಹಂತದ ಫಲಿತಾಂಶ ಬರುವ ಮೊದಲೇ 2021 ಜನವರಿ 3ಕ್ಕೆ ಅನುಮತಿ ಕೊಟ್ಟದ್ದು ಎಂತಕ್ಕೆ ಅಂತ ಪತ್ರಕರ್ತರು ಕೇಳಿದ್ದು ಸರಿಯೇ, ಆ ವರ್ಷ ಜುಲೈಯಲ್ಲಿ 77.8% ಪರಿಣಾಮಕಾರಿ ಅಂತ ಲೆಕ್ಕ ಬಂತು. ನಿಮ್ಮ ಸಂಶಯವನ್ನ ಬಿಡಿ ಅಂತ ನಾನು ಹೇಳುದಿಲ್ಲ. ಯಾರು ಎಣಿಸ್ತಿದ್ದಾರೆ, ಎಷ್ಟರಲ್ಲಿ ಎಷ್ಟು, ಎಣಿಸಿದ್ದನ್ನ ಹೊರಗೆ ಹಾಕಿದ್ದಾರಾ ಅಂತ ಕೇಳಿ, ಮೋಹನ್ ಕುಮಾರ್ ಡಾಕ್ಟರ್ ಕೇಳಿದ್ದೂ ಅದನ್ನೇ.

## ಲೆಕ್ಕದ ಪ್ರಶ್ನೆಗಳು

95% ಪರಿಣಾಮಕಾರಿ ಅಂದ್ರೆ ತಗೊಂಡ 100 ಜನರಲ್ಲಿ 5 ಜನಕ್ಕೆ ಬರ್ತದೆ ಅಂತವಾ?

ಅಲ್ಲ, ಹೆಡ್ಡಿಂಗುಗಳು ಹಾಗೆ ಕೇಳಿಸ್ತವೆ ಅಷ್ಟೇ. ಫೈಜರ್ ಪರೀಕ್ಷೆಯಲ್ಲಿ ಸುಮಾರು 43 ಸಾವಿರ ಜನ, ಅರ್ಧ ಜನಕ್ಕೆ ಲಸಿಕೆ, ಅರ್ಧ ಜನಕ್ಕೆ ಬರೀ ಉಪ್ಪುನೀರು. ಒಟ್ಟು 170 ಜನಕ್ಕೆ ಕೋವಿಡ್ ಬಂತು, ಅದ್ರಲ್ಲಿ 162 ಉಪ್ಪುನೀರಿನವ್ರು, 8 ಲಸಿಕೆಯವ್ರು. ಅಂದ್ರೆ ಲಸಿಕೆ ಇಲ್ಲದಿದ್ರೆ ಬರಬಹುದಾಗಿದ್ದ 100 ಕೇಸಿನಲ್ಲಿ 95ನ್ನ ತಡೆದ ಹಾಗೆ. ಆ 162, 8 ಅನ್ನುವ ಎರಡು ಅಂಕಿ ಹೇಳಿದ್ರೆ ನಮ್ಮ ಅಡಿಕೆ ಸುಲಿಯುವವರಿಗೂ ತಟ್ಟನೆ ಅರ್ಥ ಆಗ್ತದೆ, ನಾನೇ ಹೇಳಿ ನೋಡಿದ್ದೇನೆ.

ಆಸ್ಪತ್ರೆಯಲ್ಲಿರುವ ಹೆಚ್ಚಿನವರು ಲಸಿಕೆ ತಗೊಂಡವ್ರೇ ಅಂತ ಬಂತಲ್ಲ, ಮತ್ತೆ ಎಂತ ಪ್ರಯೋಜನ?

ಜೂನಿನ ಮಳೆಯಲ್ಲಿ ಕುಂಬಳೆ ಪೇಟೆಯಲ್ಲಿ ನಿಂತು ನೋಡಿ, ಒದ್ದೆಯಾದವ್ರಲ್ಲಿ ಹೆಚ್ಚಿನವರ ಕೈಯಲ್ಲಿ ಕೊಡೆ ಇರ್ತದೆ. ಕೊಡೆಯಿಂದ ಒದ್ದೆಯಾದದ್ದಾ? ಎಲ್ಲರತ್ರವೂ ಕೊಡೆ ಇರುವ ಕಾರಣ ಹಾಗೆ.

ಸುಮ್ಮನೆ ಒಂದು ಲೆಕ್ಕ ಹಾಕುವ. ಒಂದು ವಾರ್ಡಿನಲ್ಲಿ 1000 ಜನ, 900 ಜನ ತಗೊಂಡಿದ್ದಾರೆ, 100 ಜನ ಇಲ್ಲ. ತಗೊಳ್ಳದ 100ರಲ್ಲಿ 10 ಜನ ಆಸ್ಪತ್ರೆಗೆ, ತಗೊಂಡ 900ರಲ್ಲಿ 18 ಜನ ಆಸ್ಪತ್ರೆಗೆ ಅಂತ ಇಟ್ಟುಕೊಳ್ಳಿ. ಆಸ್ಪತ್ರೆಯಲ್ಲಿ 28 ಜನ, ಅದ್ರಲ್ಲಿ 18 ಲಸಿಕೆಯವ್ರು, ಹೆಡ್ಡಿಂಗು ರೆಡಿ. ಆದ್ರೆ ತಗೊಳ್ಳದವ್ರಲ್ಲಿ 100ಕ್ಕೆ 10, ತಗೊಂಡವ್ರಲ್ಲಿ 100ಕ್ಕೆ 2. ಶಾಲೆಯಲ್ಲಿ ಭಿನ್ನರಾಶಿ ಕಲಿಸುವಾಗ ಕೆಳಗಿನದ್ದು ಛೇದ ಅಂತ ಹೇಳಿಕೊಟ್ಟಿದ್ರಲ್ಲ, ನ್ಯೂಸಿನಲ್ಲಿ ಅದೊಂದು ಯಾವಾಗ್ಲೂ ಕಾಣೆ. ಲಸಿಕೆ ತಗೊಂಡವರು ಜಾಸ್ತಿ ಆದ ಹಾಗೆ ಈ ಹೆಡ್ಡಿಂಗು ಇನ್ನೂ ಜೋರಾಗಿ ಬರ್ತದೆ, ಅದು ಲಸಿಕೆ ಸೋತದ್ದರ ಗುರುತಲ್ಲ.

ಕೋವಿಶೀಲ್ಡ್ ಕಂಪನಿಯವ್ರೇ 2024ರಲ್ಲಿ ತಪ್ಪು ಒಪ್ಪಿಕೊಂಡ್ರಲ್ಲ, ರಕ್ತ ಹೆಪ್ಪುಗಟ್ತದೆ ಅಂತ?

2024 ಏಪ್ರಿಲ್ ಕೊನೆಗೆ ಆ ಸುದ್ದಿ ಬಂದಾಗ ನನಗೆ ಒಂದೇ ದಿನ ಹದಿನಾಲ್ಕು ಫೋನ್ ಬಂತು, ಒಬ್ಬರು ಅಳ್ತಾ ಇದ್ರು, ನಾನೇ ಅಮ್ಮನಿಗೆ ಕೊಡಿಸಿದ್ದು ಅಂತ. ಬ್ರಿಟನ್ನಿನ ಕೋರ್ಟಿಗೆ ಕೊಟ್ಟ ಕಾಗದದಲ್ಲಿ ಅಸ್ಟ್ರಾಜೆನೆಕಾ (ಕೋವಿಶೀಲ್ಡಿನ ಮೂಲ ಕಂಪನಿ), ತುಂಬ ಅಪರೂಪಕ್ಕೆ ಟಿಟಿಎಸ್ (ರಕ್ತ ಹೆಪ್ಪುಗಟ್ಟಿ ಪ್ಲೇಟ್ಲೆಟ್ ಕಮ್ಮಿಯಾಗುವ ತೊಂದರೆ) ಆಗಬಹುದು ಅಂತ ಹೇಳಿತ್ತು. ತೊಂದರೆ ನಿಜ, ಅದ್ರಿಂದ ಜನ ಸತ್ತದ್ದೂ ನಿಜ, ಅವ್ರ ಮನೆಯವರಿಗೆ ಪರಿಹಾರ ಸಿಗ್ಬೇಕು ಅನ್ನುದ್ರಲ್ಲಿ ಎರಡು ಮಾತಿಲ್ಲ. ಆದ್ರೆ ಅದು ಹೊಸ ಸುದ್ದಿ ಆಗಿರ್ಲಿಲ್ಲ. 2021 ಮಾರ್ಚಿನಲ್ಲಿ ಡೆನ್ಮಾರ್ಕ್, ಆಮೇಲೆ ಜರ್ಮನಿ, ಫ್ರಾನ್ಸ್, ಇಟಲಿ ಈ ಕಾರಣಕ್ಕೇ ತಾತ್ಕಾಲಿಕ ನಿಲ್ಲಿಸಿದ್ದು, ಏಪ್ರಿಲ್ 7ಕ್ಕೆ ಯುರೋಪಿನ ಔಷಧ ಸಂಸ್ಥೆ ಇದನ್ನ ಅತಿ ಅಪರೂಪದ ಅಡ್ಡಪರಿಣಾಮ ಅಂತ ಪಟ್ಟಿಗೆ ಹಾಕಿದ್ದು. ಬ್ರಿಟನ್ನಿನಲ್ಲಿ 50ಕ್ಕಿಂತ ಕೆಳಗಿನವ್ರಲ್ಲಿ ಸುಮಾರು 50 ಸಾವಿರಕ್ಕೆ ಒಂದು. ನಮ್ಮ ದೇಶದ ಸಮಿತಿ 2021 ಮೇಯಲ್ಲಿ ಹೇಳಿದ ಲೆಕ್ಕ ಹತ್ತು ಲಕ್ಷ ಡೋಸಿಗೆ 0.61.

ಆ ಫೋನುಗಳಲ್ಲಿ ನಾನು ಹೇಳಿದ್ದು, ಈ ತೊಂದರೆ ಬರುದಿದ್ರೆ ಸೂಜಿ ಹಾಕಿದ ಮೊದಲ ಕೆಲವು ವಾರದಲ್ಲಿ ಬರ್ತದೆ, ಮೂರು ವರ್ಷ ಆದ ಮೇಲೆ ಅಲ್ಲ. ಆ ಒಂದು ಸಾಲು ಎಲ್ಲ ಸುದ್ದಿಯ ಮೊದಲ ಪ್ಯಾರಾದಲ್ಲಿ ಇರ್ತಿದ್ರೆ ಎಷ್ಟು ಜನ ಆ ರಾತ್ರಿ ನಿದ್ದೆ ಮಾಡ್ತಿದ್ರು.

ನನಗೆ ಲಸಿಕೆ ಆದ ಮೇಲೆ ಮೈಕೈ ನೋವು, ಜ್ವರ ಬಂತು. ಅದೂ ನ್ಯೂಸ್ ನೋಡಿ ಬಂದದ್ದು ಅಂತೀರಾ?

ನಿಮ್ಮ ನೋವು ನಿಜವಾದ ನೋವು, ಅದ್ರಲ್ಲಿ ಸಂಶಯ ಬೇಡ, ಲಸಿಕೆಯಿಂದ ಜ್ವರ ಬರುದು ಮಾಮೂಲಿ. ಆದ್ರೆ ಒಂದು ವಿಷಯ ಗೊತ್ತಿರ್ಲಿ. 12 ಪರೀಕ್ಷೆಗಳ 45 ಸಾವಿರ ಜನರ ಲೆಕ್ಕ ಒಟ್ಟು ಮಾಡಿ 2022ರಲ್ಲಿ ನೋಡಿದಾಗ, ಲಸಿಕೆ ಇಲ್ಲದ ಬರೀ ಇಂಜೆಕ್ಷನ್ ತಗೊಂಡವ್ರಲ್ಲೂ ಮೊದಲ ಡೋಸಿನ ಮೇಲೆ ಸುಮಾರು 35% ಜನ ತಲೆನೋವು, ಸುಸ್ತು ಥರದ್ದು ಏನಾದ್ರೂ ಆಯ್ತು ಅಂತ ಹೇಳಿದ್ರು. ಆಗ್ತದೆ ಅಂತ ಕಾಯ್ತಾ ಇದ್ರೆ ಮಾಮೂಲಿ ಸುಸ್ತೂ ಗಮನಕ್ಕೆ ಬರ್ತದೆ, ಹೆದರಿಕೆಯಿಂದ ತಲೆನೋವು ಬರುದೂ ಉಂಟು. ಅಡ್ಡಪರಿಣಾಮವನ್ನೇ ದಿನವಿಡೀ ತೋರಿಸಿದ್ರೆ ಇದು ಜಾಸ್ತಿಯಾಗ್ತದೆ, ಹೇಳದೆ ಮುಚ್ಚಿಟ್ಟರೆ ನಂಬಿಕೆ ಹೋಗ್ತದೆ. ನಾವು ಹೀಗೆ ಹೇಳ್ತಿದ್ವಿ, "ಒಂದೆರಡು ದಿನ ಜ್ವರ ಬರಬಹುದು, ಪ್ಯಾರಾಸಿಟಮಾಲ್ ಸಾಕು, ಬಾರದಿದ್ರೂ ಲಸಿಕೆ ಕೆಲ್ಸ ಮಾಡ್ತದೆ, ಉಸಿರಾಟ ಕಷ್ಟವಾದ್ರೆ ಕೂಡ್ಲೆ ಫೋನ್ ಮಾಡಿ."

ಹಾಸನದಲ್ಲಿ ಹುಡುಗರು ಹಾರ್ಟ್ ಅಟ್ಯಾಕಿನಿಂದ ಸತ್ತದ್ದು ಲಸಿಕೆಯಿಂದ ಅಂತ ಮುಖ್ಯಮಂತ್ರಿಗಳೇ ಹೇಳಿದ್ರಲ್ಲ?

2025 ಜುಲೈ ಮೊದಲ ವಾರ ಸಿದ್ದರಾಮಯ್ಯನವರು ಲಸಿಕೆಗೆ ಅವಸರದಲ್ಲಿ ಅನುಮತಿ ಕೊಟ್ಟದ್ದೂ ಕಾರಣ ಇರಬಹುದು ಅಂತ ಹೇಳಿದ್ರು. ಆದ್ರೆ ಐಸಿಎಂಆರ್ (ಕೇಂದ್ರದ ವೈದ್ಯಕೀಯ ಸಂಶೋಧನಾ ಸಂಸ್ಥೆ) 47 ಆಸ್ಪತ್ರೆಗಳಿಂದ ಲೆಕ್ಕ ತಗೊಂಡು 18ರಿಂದ 45 ವರ್ಷದವರ ದಿಢೀರ್ ಸಾವನ್ನ ಮೊದಲೇ ನೋಡಿತ್ತು. ಲಸಿಕೆ ಅಪಾಯ ಜಾಸ್ತಿ ಮಾಡಿದ್ದು ಅಲ್ಲಿ ಕಾಣ್ಲಿಲ್ಲ, ಕುಟುಂಬದಲ್ಲಿ ಅಂಥ ಸಾವು ಆಗಿದ್ದವರು, ಕೋವಿಡ್ ಜೋರಾಗಿ ಆಸ್ಪತ್ರೆ ಸೇರಿದ್ದವರು, ವಿಪರೀತ ಕುಡಿದವರು, ಇವ್ರಲ್ಲಿ ಜಾಸ್ತಿ ಕಂಡಿತು. ಎದೆನೋವು ಬಂದಾಗ ಲಸಿಕೆಯನ್ನ ಬೈತಾ ಕೂತು ಇಸಿಜಿ ಮಾಡಿಸದೆ ಇರುವವರನ್ನ ನೋಡಿದ್ದೇನೆ, ನನಗೆ ಹೆಚ್ಚು ಭಯ ಇರುದು ಅದ್ರ ಬಗ್ಗೆ.

## ಸ್ವಲ್ಪ ಆಳದ್ದು

ನ್ಯೂಸ್ ಅಂದ್ರೆ ಎರಡೂ ಕಡೆಯವರನ್ನ ಕೇಳ್ಬೇಕಲ್ವಾ? ಲಸಿಕೆ ಬೇಡ ಅನ್ನುವವರಿಗೂ ಮಾತಾಡ್ಲಿಕ್ಕೆ ಬಿಡ್ಬೇಕಲ್ವಾ?

ಜಾಗದ ತಕರಾರಿನಲ್ಲಿ ಎರಡೂ ಕಡೆ ಕೇಳ್ಬೇಕು. ಲೆಕ್ಕದ ವಿಷಯದಲ್ಲಿ ಸಾಕ್ಷಿಯ ತೂಕ ಕೇಳ್ಬೇಕು. 1998ರಲ್ಲಿ ಆಂಡ್ರ್ಯೂ ವೇಕ್‌ಫೀಲ್ಡ್ ಬರೀ 12 ಮಕ್ಕಳನ್ನ ನೋಡಿ ಎಂಎಂಆರ್‌ಗೂ ಆಟಿಸಂಗೂ ಸಂಬಂಧ ಇರಬಹುದು ಅನ್ನುವ ಹಾಗೆ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದ. ಆಮೇಲೆ ಲಕ್ಷಗಟ್ಟಲೆ ಮಕ್ಕಳನ್ನ ನೋಡಿದ ಅಧ್ಯಯನಗಳಲ್ಲಿ ಅಂಥದ್ದು ಸಿಗ್ಲಿಲ್ಲ. ಆದ್ರೆ ಬ್ರಿಟನ್ನಿನ ಟಿವಿ, ಪೇಪರ್ ವರ್ಷಗಟ್ಟಲೆ ಈ ಕಡೆ ಒಬ್ಬ, ಆ ಕಡೆ ಒಬ್ಬ ಅಂತ ಕೂರಿಸಿದ್ರಿಂದ, ಎರಡೂ ಕಡೆ ಸಮ ಸಮ ಸಾಕ್ಷಿ ಉಂಟು ಅಂತ ಅರ್ಧಕ್ಕರ್ಧ ಜನ ನಂಬಿದ್ರು. 92% ಹತ್ರ ಇದ್ದ ಲಸಿಕೆ ಪ್ರಮಾಣ ಸುಮಾರು 80%ಕ್ಕೆ ಇಳಿಯಿತು. 2010ರಲ್ಲಿ ಲ್ಯಾನ್ಸೆಟ್ ಆ ಲೇಖನ ಹಿಂದೆ ತಗೊಂಡಿತು, ಅವನ ಡಾಕ್ಟರ್ ಲೈಸೆನ್ಸೂ ಹೋಯ್ತು.

ಇವತ್ತೊಂದು ನಾಳೆ ಒಂದು ಹೇಳ್ತಾರೆ, ಅವ್ರಿಗೇ ಗೊತ್ತಿಲ್ಲ ಅಂದ ಮೇಲೆ ನಾವೆಂತ ಮಾಡುದು?

ಕೋವಿಶೀಲ್ಡ್ ಎರಡು ಡೋಸಿನ ಅಂತರ ಮೊದಲು 4ರಿಂದ 6 ವಾರ, 2021 ಮಾರ್ಚಿನಲ್ಲಿ 6ರಿಂದ 8, ಮೇಯಲ್ಲಿ 12ರಿಂದ 16 ಆಯ್ತು. ಸ್ಟಾಕಿಲ್ಲದೆ ಉದ್ದ ಮಾಡಿದ್ದು ಅಂತ ನಮ್ಮಲ್ಲಿ ಎಲ್ಲರೂ ಹೇಳಿದ್ರು. ಹೊಸ ಮಾಹಿತಿ ಬಂದಾಗ ಬದಲಾಯಿಸುದು ತಪ್ಪಲ್ಲ, ಎಂತಕ್ಕೆ ಬದಲಾಯಿಸಿದ್ದು ಅಂತ ಜನರಿಗೆ ಅರ್ಥ ಆಗುವ ಹಾಗೆ ಹೇಳದೆ ಇದ್ದದ್ದು ತಪ್ಪು. ಇವತ್ತಿನ ಮಟ್ಟಿಗೆ ಇಷ್ಟು ಗೊತ್ತುಂಟು, ಮುಂದೆ ಬದಲಾಗಬಹುದು ಅಂತ ಮೊದಲೇ ಹೇಳಿದವ್ರ ಮಾತು ಬದಲಾದಾಗ ಜನ ಕೋಪ ಮಾಡುದಿಲ್ಲ. 2018ರಲ್ಲಿ ಕೋಝಿಕ್ಕೋಡಿನ ನಿಪಾ ಸಮಯದಲ್ಲಿ ಕೇರಳದ ಆರೋಗ್ಯ ಇಲಾಖೆ ದಿನಾ ಮಾಧ್ಯಮದ ಎದುರು ಬಂದು ಗೊತ್ತಿರುದು, ಗೊತ್ತಿಲ್ಲದ್ದು ಎರಡನ್ನೂ ಹೇಳಿತ್ತು, ಆ ಅಭ್ಯಾಸ 2020ರಲ್ಲೂ ಸಹಾಯಕ್ಕೆ ಬಂತು.

ನ್ಯೂಸಿನಿಂದಲೇ ಮನಸ್ಸು ಬದಲಾಯ್ತು ಅಂತ ಹೇಗೆ ಹೇಳುದು? ಮೊದಲೇ ಸಂಶಯ ಇದ್ದವ್ರು ಅಂಥ ನ್ಯೂಸೇ ನೋಡ್ತಾರಲ್ಲ?

ಒಳ್ಳೆ ಪ್ರಶ್ನೆ, ಒಬ್ಬ ಕಾಲೇಜು ಹುಡುಗಿ ಕೇಳಿದ್ದು. ಬರೀ ಸರ್ವೆಯಿಂದ ಇದನ್ನ ಬಿಡಿಸ್ಲಿಕ್ಕೆ ಆಗುದಿಲ್ಲ, ಕೋಳಿ ಮೊದಲಾ ಮೊಟ್ಟೆ ಮೊದಲಾ ಅನ್ನುವ ಹಾಗೆ. ಅದಕ್ಕೆ ಚೀಟಿ ಎತ್ತಿದ ಹಾಗೆ ಜನರನ್ನ ಎರಡು ಗುಂಪು ಮಾಡಿ, ಒಂದು ಗುಂಪಿಗೆ ತಪ್ಪು ಮಾಹಿತಿಯ ಪೋಸ್ಟುಗಳು, ಇನ್ನೊಂದಕ್ಕೆ ಸರಿಯಾದದ್ದು ತೋರಿಸ್ತಾರೆ. 2020 ಸೆಪ್ಟೆಂಬರಿನಲ್ಲಿ ಬ್ರಿಟನ್, ಅಮೆರಿಕಾದಲ್ಲಿ ತಲಾ ಸುಮಾರು 4 ಸಾವಿರ ಜನರಲ್ಲಿ ಹೀಗೆ ಮಾಡಿದಾಗ, ಖಂಡಿತ ತಗೊಳ್ತೇನೆ ಅನ್ನುವವರು ಬ್ರಿಟನ್ನಿನಲ್ಲಿ 6.2, ಅಮೆರಿಕಾದಲ್ಲಿ 6.4 ಪರ್ಸೆಂಟೇಜ್ ಪಾಯಿಂಟ್ ಕಮ್ಮಿ ಆದ್ರು. ಕೆಲವೇ ಪೋಸ್ಟು, ಒಂದೇ ಸಲ. ಆದ್ರೆ ಅದು ಲಸಿಕೆ ಬರುವ ಮೊದಲು ಬಾಯಿ ಮಾತಿನಲ್ಲಿ ಹೇಳಿದ್ದು, ನಿಜವಾಗಿ ತಗೊಳ್ಳುವ ದಿನ ಎಷ್ಟು ಉಳೀತದೆ ಅನ್ನುದು ಬೇರೆ ಪ್ರಶ್ನೆ.

ತಗೊಳ್ತೇನೆ ಅಂತ ಹೇಳಿದವ್ರೆಲ್ಲ ತಗೊಳ್ತಾರಾ? ತಗೊಳ್ಳದವ್ರೆಲ್ಲ ನ್ಯೂಸಿಗೆ ಹೆದರಿದವ್ರಾ?

ಎರಡಕ್ಕೂ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು ಹಿಂಜರಿಕೆಗೆ ಮೂರು ಬೇರು ಹೇಳ್ತಾರೆ: ನಂಬಿಕೆ ಇಲ್ಲದಿರುದು, ನನಗೆಂತ ಆಗುದಿಲ್ಲ ಅನ್ನುವ ಉದಾಸೀನ, ಮತ್ತೆ ಸಿಗುವ ಅನುಕೂಲ ಇಲ್ಲದಿರುದು. ನ್ಯೂಸ್ ಮೊದಲ ಎರಡನ್ನ ಅಲ್ಲಾಡಿಸ್ತದೆ. ಮೂರನೇದ್ದನ್ನ ಅಲ್ಲ. ನಮ್ಮ ಕಡೆಯ ಒಂದು ಕೊರಗರ ಕಾಲನಿಯಲ್ಲಿ ಯಾರೂ ಬರ್ತಾ ಇಲ್ಲ, ಹೆದರ್ತಾರೆ ಅಂತ ಎಲ್ಲ ಹೇಳ್ತಿದ್ರು. ಹೋಗಿ ಕೇಳಿದ್ರೆ ಹೆದರಿಕೆ ಕೆಲವರಿಗೆ ಮಾತ್ರ, ಉಳಿದವರಿಗೆ ಸ್ಮಾರ್ಟ್ ಫೋನಿಲ್ಲ, ಒಂದು ದಿನದ ಕೂಲಿ ಹೋದ್ರೆ ಮರುದಿನ ಅಕ್ಕಿ ಇಲ್ಲ. ಹಿಂಜರಿಕೆ ಅಂತ ಬರೆಯುವ ಮೊದಲು ಪತ್ರಕರ್ತರು ಬಸ್ಸು ಎಷ್ಟು ಗಂಟೆಗೆ ಅಂತ ಕೇಳ್ಬೇಕು.

ಸುದ್ದಿಯಿಂದ ಆದ ಹಾನಿಯನ್ನ ಸರಿ ಮಾಡ್ಲಿಕ್ಕೆ ಆಗ್ತದಾ?

ಆಗ್ತದೆ, ತುಂಬ ನಿಧಾನ. ಜಪಾನಿನಲ್ಲಿ 2013ರಲ್ಲಿ ಹುಡುಗಿಯರಿಗೆ ಎಚ್‌ಪಿವಿ ಲಸಿಕೆ (ಗರ್ಭಕೋಶದ ಕೊರಳಿನ ಕ್ಯಾನ್ಸರ್ ತಡೀಲಿಕ್ಕೆ ಕೊಡುವಂಥದ್ದು) ಆದ ಮೇಲೆ ಕೈಕಾಲು ನಡುಗುದು, ನೋವು ಅಂತ ಟಿವಿಯಲ್ಲಿ ಮೇಲಿಂದ ಮೇಲೆ ಬಂತು, ಜೂನಿನಲ್ಲಿ ಸರ್ಕಾರ ಶಿಫಾರಸು ನಿಲ್ಲಿಸಿತು, ಸುಮಾರು 70% ಇದ್ದದ್ದು 1%ಕ್ಕಿಂತ ಕೆಳಗೆ ಹೋಯ್ತು. ಮತ್ತೆ ಶಿಫಾರಸು ಶುರುವಾದದ್ದು 2022 ಏಪ್ರಿಲಿನಲ್ಲಿ. ಅಷ್ಟರಲ್ಲಿ ಎಷ್ಟು ಹುಡುಗಿಯರ ವಯಸ್ಸು ದಾಟಿ ಹೋಯ್ತು.

ನಮ್ಮ ದೇಶದ್ದು ಇನ್ನೂ ಸಿಕ್ಕುಸಿಕ್ಕು. ಆಗಿನ ಆಂಧ್ರದ ಖಮ್ಮಂ, ಗುಜರಾತಿನ ವಡೋದರದಲ್ಲಿ ಇದೇ ಲಸಿಕೆಯ ಅಧ್ಯಯನ 2010 ಏಪ್ರಿಲಿನಲ್ಲಿ ನಿಂತಿತು, ಏಳು ಹುಡುಗಿಯರ ಸಾವಿನ ಸುದ್ದಿಯ ಮೇಲೆ. ತನಿಖೆಯಲ್ಲಿ ಸಾವಿಗೆ ಲಸಿಕೆ ಕಾರಣ ಅಂತ ಸಿಗ್ಲಿಲ್ಲ, ಆದ್ರೆ ಹೆತ್ತವರ ಒಪ್ಪಿಗೆ ಸರಿಯಾಗಿ ತಗೊಳ್ಳದೆ, ಹಾಸ್ಟೆಲಿನವರ ಸಹಿ ಹಾಕಿಸಿದ್ದು ಹೊರಗೆ ಬಂತು. ಬಡ ಬುಡಕಟ್ಟು ಹುಡುಗಿಯರನ್ನ ಹಾಗೆ ನಡೆಸಿಕೊಂಡದ್ದನ್ನ ಬಯಲು ಮಾಡಿದ ಪತ್ರಕರ್ತರು ದೊಡ್ಡ ಕೆಲ್ಸ ಮಾಡಿದ್ರು. ಆದ್ರೆ ಜನರ ನೆನಪಿನಲ್ಲಿ ಉಳಿದದ್ದು ಲಸಿಕೆ ಕೊಂದಿತು ಅನ್ನುವ ಒಂದೇ ಸಾಲು, ಒಪ್ಪಿಗೆಯ ವಿಷಯ ಮರೆತೇ ಹೋಯ್ತು.

ನಮ್ಮ ಅತ್ತೆ ಯಾವ ಮಾತೂ ಕೇಳುದಿಲ್ಲ, ಟಿವಿಯಲ್ಲಿ ನೋಡಿದ್ದೇ ಹೇಳ್ತಾರೆ. ಮುಂದೆ ಇನ್ನೊಂದು ರೋಗ ಬಂದ್ರೆ ಅವ್ರಿಗೆ ಹೇಗೆ ಹೇಳುದು?

ನಮ್ಮ ದೊಡ್ಡಮ್ಮ ಹೀಗೇ. 2021 ಮೇಯಲ್ಲಿ ನಾನು ವಿವೇಕ್ ವಿಷಯ, ಅಂಕಿ ಅಂಶ, ಎಲ್ಲ ಹೇಳಿ ಎರಡು ವಾರ ವಾದ ಮಾಡಿದೆ. ನಾನು ಒಂದು ಹೇಳಿದ್ರೆ ಅವ್ರು ಇನ್ನೊಂದು ನ್ಯೂಸ್ ತೆಗೀತಿದ್ರು. ಕೊನೆಗೆ ನನ್ನ ತಂಗಿ ಹೋಗಿ ಕೂತಳು, ಒಟ್ಟಿಗೆ ಬಸಳೆ ಸೋಸ್ತಾ ಇದ್ದಳು, ಲಸಿಕೆ ಹೆಸರೇ ಎತ್ಲಿಲ್ಲ. ಒಂದು ಗಂಟೆ ಆದ ಮೇಲೆ, "ದೊಡ್ಡಮ್ಮ, ನಿಮಗೆ ಅದ್ರಲ್ಲಿ ಎಂತ ಹೆದರಿಕೆ ಅಂತ ಯಾರೂ ಕೇಳ್ಲೇ ಇಲ್ಲ ಅಲ್ವಾ" ಅಂದಳಂತೆ. ಅವ್ರು ಸುಮಾರು ಹೊತ್ತು ಸುಮ್ಮನಿದ್ದು, ಅಲ್ಲಿ ಎಲ್ಲ ಮಲಯಾಳ ಮಾತಾಡ್ತಾರೆ, ನನಗೆ ತಲೆ ತಿರುಗಿ ಬಿದ್ರೆ ಎಂತ ಆಗ್ತಾ ಉಂಟು ಅಂತ ಯಾರತ್ರ ಹೇಳುದು, ಅಂದ್ರು. ಎರಡು ವಾರ ನಾನು ಉತ್ತರ ಕೊಟ್ಟದ್ದು ಅವ್ರು ಕೇಳದ ಪ್ರಶ್ನೆಗೆ. ಟಿವಿಯ ಸುದ್ದಿ ಅವ್ರಿಗೆ ಹೇಳಿಕೊಳ್ಳಲಿಕ್ಕೆ ಸಿಕ್ಕಿದ ಒಂದು ಕಾರಣ ಆಗಿತ್ತು ಅಷ್ಟೇ. ಜುಲೈಯಲ್ಲಿ ಕನ್ನಡ ಬರುವ ಆಶಾ ಅಕ್ಕ ಡ್ಯೂಟಿಯಲ್ಲಿದ್ದ ದಿನ ನೋಡಿ ತಂಗಿಯೇ ಕರಕೊಂಡು ಹೋದಳು. ಸೂಜಿ ಹಾಕಿ ಅರ್ಧ ಗಂಟೆ ಬೆಂಚಿನಲ್ಲಿ ಕೂರಿಸಿದಾಗ ದೊಡ್ಡಮ್ಮ ಪಕ್ಕದಲ್ಲಿ ಕೂತಿದ್ದ ಹೆಂಗಸಿಗೆ, ಹೆದರ್ಬೇಡಿ, ನಾನು ಇಲ್ಲೇ ಇದ್ದೇನೆ, ಅಂತ ಹೇಳ್ತಾ ಇದ್ರಂತೆ.